ನೀರ ಮೇಲಿನ ಹಲಗೆ: ಕೊಳ್ಳುವ ಮುನ್ನ ಮೈತೂಕ ನೋಡಿ

ರಜೆ ಹತ್ತಿರವಾದಂತೆ ಕ್ಲಿನಿಕ್ಕಿನಲ್ಲಿ ಕೇಳುವ ಪ್ರಶ್ನೆಗಳೂ ಬದಲಾಗುತ್ತವೆ. ಕೆಮ್ಮಿಗೋ ಜ್ವರಕ್ಕೋ ಔಷಧಿ ಬರೆಸಿಕೊಂಡು ಎದ್ದವರು ಬಾಗಿಲ ಬಳಿ ನಿಂತು ಕೇಳುತ್ತಾರೆ: "ಡಾಕ್ಟ್ರೇ, ಮಗ ಪ್ಯಾಡಲ್ ಬೋರ್ಡ್ ಬೇಕು ಅಂತ ಹಟ ಹಿಡಿದಿದ್ದಾನೆ. ವ್ಯಾಯಾಮಕ್ಕೆ ಒಳ್ಳೇದಂತೆ. ಅಗ್ಗದ್ದು ಒಂದು ಕೊಡಿಸಿದರೆ ಆಗ್ತದಾ?" ಬೋರ್ಡಿನ ವ್ಯಾಪಾರ ವೈದ್ಯನ ಕೆಲಸವಲ್ಲ. ಆದರೆ ಈ ಪ್ರಶ್ನೆಯಲ್ಲಿ ಅರ್ಧ ಹಣದ್ದು, ಅರ್ಧ ದೇಹದ್ದು. ಹಣ ಉಳಿಸಬಾರದ ಜಾಗದಲ್ಲಿ ಉಳಿಸಿದರೆ ಸೊಂಟವೋ ಭುಜವೋ ನೋಯುತ್ತದೆ. ಕೆಲವೊಮ್ಮೆ ಜೀವಕ್ಕೇ ಅಪಾಯ. ಆದ್ದರಿಂದ ಈ ವಾರ ಇದೇ ವಿಷಯ.

ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಎಂದರೆ ಆಳೆತ್ತರಕ್ಕಿಂತ ಉದ್ದವಾದ, ತೇಲುವ ಒಂದು ಹಲಗೆ. ಅದರ ಮೇಲೆ ನಿಂತು, ಉದ್ದ ಹಿಡಿಯ ಒಂದೇ ಹುಟ್ಟಿನಿಂದ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೀರೆಳೆಯುತ್ತ ಸಾಗುತ್ತಾರೆ. ಹವಾಯಿಯ ವೈಕಿಕಿ ಕಡಲತೀರದಲ್ಲಿ ಸರ್ಫಿಂಗ್ ಕಲಿಸುತ್ತಿದ್ದವರ ರೂಢಿ ಇದು. ಜಗತ್ತಿಗೆಲ್ಲ ಹಬ್ಬಿದ್ದು 2000ದ ನಂತರ. ತೆಪ್ಪದ ಮೇಲೆ ನಿಂತು ಜಲ್ಲೆ ಊರುವುದನ್ನು ಕಂಡಿರುವ ನಮ್ಮ ಹೊಳೆಬದಿಯವರಿಗೆ ಇದರಲ್ಲಿ ಬೆರಗೇನೂ ಇರಲಾರದು. 2024ರ ಮಾರ್ಚ್‌ನಲ್ಲಿ ಮಂಗಳೂರು ಬಳಿಯ ಸಸಿಹಿತ್ಲು ಕಡಲತೀರದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ಆಮೇಲೆ ಕರಾವಳಿಯ ಹುಡುಗರಿಗೆ ಇದರ ಹುಚ್ಚು ಹೆಚ್ಚಿದೆ.

ವ್ಯಾಯಾಮವಾಗಿ ಇದು ಒಳ್ಳೆಯದೇ. ಅಲುಗಾಡುವ ಹಲಗೆಯ ಮೇಲೆ ನಿಲ್ಲಬೇಕಾದರೆ ಪಾದ, ಮೀನಖಂಡ, ತೊಡೆ, ಹೊಟ್ಟೆ, ಬೆನ್ನಿನ ಸ್ನಾಯುಗಳು ಕ್ಷಣಕ್ಷಣವೂ ದುಡಿಯುತ್ತಿರಬೇಕು. ಓಟದಲ್ಲಿ ಆಗುವಂತೆ ಮಂಡಿಗೆ ಪೆಟ್ಟು ಬೀಳುವುದಿಲ್ಲ. ವಾರಕ್ಕೆ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಲ್ಲ, ಆ ಲೆಕ್ಕಕ್ಕೆ ಇದನ್ನು ಧಾರಾಳವಾಗಿ ಸೇರಿಸಬಹುದು. ಆದರೆ ಬರೀ ಆರೋಗ್ಯಕ್ಕೆಂದು ಸಾಲ ಮಾಡಿ ಬೋರ್ಡು ಕೊಳ್ಳಬೇಕಾಗಿಲ್ಲ. ಬಿರುಸಿನ ನಡಿಗೆಗೆ ಕಾಸು ಖರ್ಚಿಲ್ಲ. ನೀರೆಂದರೆ ಪ್ರೀತಿ ಇರುವವರಿಗೆ ಮಾತ್ರ ಮುಂದಿನ ಮಾತು.

ಮೊದಲು ಬಾಡಿಗೆ

ಕೈಯಲ್ಲಿ ಹಣ ಕಡಿಮೆ ಇದ್ದಷ್ಟೂ ಕೊಳ್ಳುವ ಅವಸರ ಕಡಿಮೆ ಇರಬೇಕು. ಮೂಲ್ಕಿಯಲ್ಲಿ ಶಾಂಭವಿ ನದಿಯ ಹಿನ್ನೀರಿನಲ್ಲಿ, ಉಡುಪಿ ಕಡೆಯ ಕೋಡಿ ಬೆಂಗ್ರೆಯಲ್ಲಿ ಬೋರ್ಡು ಬಾಡಿಗೆಗೆ ಕೊಟ್ಟು ಕಲಿಸುವವರಿದ್ದಾರೆ. ನಾಲ್ಕೈದು ಸಲ ಬಾಡಿಗೆ ಬೋರ್ಡಿನಲ್ಲಿ ಹೋಗಿ ಬನ್ನಿ. ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಒಂದು, ಮಗನ ಹುಚ್ಚು ಎರಡು ವಾರದ್ದೋ ಎರಡು ವರ್ಷದ್ದೋ ಎಂಬುದು. ಇನ್ನೊಂದು, ನಿಮ್ಮ ಮೈಭಾರಕ್ಕೆ ಎಂಥ ಹಲಗೆ ಹೊಂದುತ್ತದೆ ಎಂಬುದು. ಯಾವ ಅಳತೆಯ ಬೋರ್ಡಿನ ಮೇಲೆ ಕಾಲು ನಡುಗದೆ ನಿಂತಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಅಂಗಡಿಯವನ ಮಾತಿಗಿಂತ ಆ ಚೀಟಿ ಹೆಚ್ಚು ನಂಬಿಕೆಗೆ ಅರ್ಹ.

ಕೊಳ್ಳುವುದೇ ಎಂದು ತೀರ್ಮಾನವಾದ ಮೇಲೆ, ಇಟ್ಟಿರುವ ಹಣದಿಂದ ಮೊದಲು ಲೈಫ್ ಜಾಕೆಟ್ ಕೊಳ್ಳಿ. ಬೋರ್ಡು ಕೊಂಡು ಉಳಿದ ಚಿಲ್ಲರೆಯಲ್ಲಿ ಜಾಕೆಟ್ ನೋಡೋಣ ಎನ್ನುವುದು ಎಲ್ಲರ ರೂಢಿ. ಚಿಲ್ಲರೆ ಎಂದೂ ಉಳಿಯುವುದಿಲ್ಲ, ಜಾಕೆಟ್ ಎಂದೂ ಬರುವುದಿಲ್ಲ. "ಅವನಿಗೆ ಈಜು ಬರ್ತದೆ" ಎನ್ನುವ ತಂದೆಯರಿಗೆ ಒಂದು ಮಾತು: ಬೋರ್ಡಿನ ಅಂಚು ತಲೆಗೆ ಬಡಿದವನಿಗೆ, ಮೀನಖಂಡ ಹಿಡಿದುಕೊಂಡವನಿಗೆ, ಬಿಸಿಲಿಗೆ ಬಳಲಿದವನಿಗೆ ಈಜು ಬರುವುದಿಲ್ಲ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಮೆರಿಕದ ಕರಾವಳಿ ರಕ್ಷಣಾ ಪಡೆ 2008ರಲ್ಲೇ, ಈಜುವ ಮತ್ತು ಸರ್ಫ್ ಮಾಡುವ ಎಲ್ಲೆ ದಾಟಿದ ಪ್ಯಾಡಲ್ ಬೋರ್ಡನ್ನು ಒಂದು ದೋಣಿ ಎಂದೇ ಪರಿಗಣಿಸಿತು. ಅಂದರೆ ಅದರ ಮೇಲಿರುವ ಪ್ರತಿಯೊಬ್ಬರಿಗೂ ಜಾಕೆಟ್ ಇರಲೇಬೇಕು.

ಜಾಕೆಟ್ಟಿನ ಒಳಪಟ್ಟಿಯಲ್ಲಿ ನ್ಯೂಟನ್ ಲೆಕ್ಕದಲ್ಲಿ ತೇಲುಬಲ ಬರೆದಿರುತ್ತದೆ. 50 ನ್ಯೂಟನ್ನಿನದು ಈಜು ಬಲ್ಲ, ಎಚ್ಚರವಿರುವ, ದಡದ ಸಮೀಪದಲ್ಲೇ ಇರುವವರಿಗೆ. ಮಕ್ಕಳಿಗೂ ಈಜು ಬಾರದವರಿಗೂ 100 ನ್ಯೂಟನ್ನಿನದು ಬೇಕು. ಅದರ ಕೊರಳಪಟ್ಟಿ ಮುಖವನ್ನು ನೀರಿನಿಂದ ಮೇಲಕ್ಕೆ ಇಡುವಂತೆ ರಚನೆಯಾಗಿರುತ್ತದೆ. ತೊಡಿಸಿದ ಮೇಲೆ ಎರಡೂ ಭುಜದ ಬಳಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ದೊಡ್ಡದಾಯಿತು. ನೀರಿಗೆ ಬಿದ್ದಾಗ ಮಗು ಕೆಳಕ್ಕೆ, ಜಾಕೆಟ್ ಮೇಲಕ್ಕೆ. "ಮುಂದಿನ ವರ್ಷಕ್ಕೂ ಆಗಲಿ" ಎಂದು ಶಾಲೆಯ ಸಮವಸ್ತ್ರ ಹೊಲಿಸುವ ಲೆಕ್ಕ ಇಲ್ಲಿ ಬೇಡ.

ಹಲಗೆಯ ಅಳತೆ, ನಿಮ್ಮ ತೂಕ

ಬೋರ್ಡುಗಳಲ್ಲಿ ಗಟ್ಟಿಯವು, ಗಾಳಿ ತುಂಬುವವು ಎಂದು ಎರಡು ಜಾತಿ. ಗಟ್ಟಿಯದನ್ನು ಇಡಲು ಹತ್ತಡಿ ಜಾಗ ಬೇಕು, ಸಾಗಿಸಲು ವಾಹನ ಬೇಕು. ಸಣ್ಣ ಮನೆಯವರಿಗೆ, ಬಸ್ಸಿನಲ್ಲೋ ರೈಲಿನಲ್ಲೋ ಹೋಗುವವರಿಗೆ ಗಾಳಿಯದೇ ಸರಿ. ಸುರುಳಿ ಸುತ್ತಿ ಚೀಲದಲ್ಲಿ ಹೊರಬಹುದು. ತೂಕ ಸುಮಾರು 8ರಿಂದ 11 ಕಿಲೋ. ಗಾಳಿಯದೆಂದರೆ ಮಕ್ಕಳ ಈಜುಟ್ಯೂಬಿನಂತೆ ಮೆತ್ತಗಿರುತ್ತದೆ ಎಂದುಕೊಳ್ಳಬೇಡಿ. ಒಳಗೆ ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಸಾವಿರಾರು ಪಾಲಿಯೆಸ್ಟರ್ ನೂಲುಗಳು ಹಿಡಿದು ಕಟ್ಟಿರುತ್ತವೆ. 12ರಿಂದ 15 ಪಿಎಸ್‌ಐ ಗಾಳಿ ತುಂಬಿದಾಗ ಅದು ಬಾಗಿಲ ಹಲಗೆಯಂತೆ ಬಿಗಿಯುತ್ತದೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಅಗ್ಗದ ಬೋರ್ಡುಗಳಲ್ಲಿ ಅನೇಕವು 4 ಅಂಗುಲ ದಪ್ಪದವು. ನನ್ನಲ್ಲಿಗೆ ಬರುವ ಒಬ್ಬರು, ನಲವತ್ತೆರಡರ ಪ್ರಾಯ, 92 ಕಿಲೋ ತೂಕ, ಅಂಥದೊಂದನ್ನು ತರಿಸಿಕೊಂಡಿದ್ದರು. ಡಬ್ಬದ ಮೇಲೆ '140 ಕಿಲೋ ಹೊರುತ್ತದೆ' ಎಂದು ಅಚ್ಚಾಗಿತ್ತು. ಮೂರನೆಯ ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ಸೊಂಟ ಹಿಡಿದುಕೊಂಡು ಬಂದರು. ವಿಚಾರಿಸಿದಾಗ ವಿಷಯ ತಿಳಿಯಿತು: ಅವರು ನಿಂತ ಕಡೆ ಹಲಗೆ ತಗ್ಗಿ, ಮುಂದು ಹಿಂದು ಮೇಲೆದ್ದು, ತೊಟ್ಟಿಲಿನ ಆಕಾರವಾಗುತ್ತಿತ್ತಂತೆ. ಪಾದದ ಮೇಲೆ ನೀರು ಹರಿಯುತ್ತಿತ್ತಂತೆ. ಬೀಳುವ ಭಯಕ್ಕೆ ಅವರು ಒಂದೂವರೆ ಗಂಟೆ ಮಂಡಿ ಬಿಗಿಹಿಡಿದು, ಬೆನ್ನು ಬಗ್ಗಿಸಿ ನಿಂತಿದ್ದಾರೆ. ಸ್ನಾಯು ಸೆಟೆದುಕೊಳ್ಳದೆ ಇನ್ನೇನಾಗುತ್ತದೆ? ಮಾತ್ರೆಗಿಂತ ಹೆಚ್ಚಾಗಿ ಅವರಿಗೆ ಬೇಕಾಗಿದ್ದದ್ದು ದಪ್ಪ ಬೋರ್ಡು. ನೋವು ಇಳಿದ ಮೇಲೆ 6 ಅಂಗುಲದ್ದನ್ನು ಬಾಡಿಗೆಗೆ ಪಡೆದು ನಿಂತು ನೋಡಿದರು, ತಕರಾರು ಬರಲಿಲ್ಲ.

'ಇಷ್ಟು ಕಿಲೋ ಹೊರುತ್ತದೆ' ಎಂಬುದು ಮುಳುಗುವುದಿಲ್ಲ ಎಂಬ ಭರವಸೆ ಮಾತ್ರ; ನೆಟ್ಟಗೆ ನಿಲ್ಲಬಹುದು ಎಂಬ ಭರವಸೆಯಲ್ಲ. ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ತತ್ವ ನೆನಪಿಸಿಕೊಳ್ಳಿ. ಒಂದು ಲೀಟರ್ ನೀರನ್ನು ಸರಿಸಿದ ವಸ್ತು ಒಂದು ಕಿಲೋ ಭಾರ ಹೊರುತ್ತದೆ. ಬೋರ್ಡಿನ ಗಾತ್ರವನ್ನು ಲೀಟರಿನಲ್ಲಿ ಬರೆದಿರುತ್ತಾರೆ. ಹೊಸಬರಿಗೆ ಮೈತೂಕದ ಎರಡು ಪಟ್ಟಾದರೂ ಲೀಟರ್ ಇರಲಿ, ಇನ್ನಷ್ಟಿದ್ದರೆ ಒಳ್ಳೆಯದೇ. 92 ಕಿಲೋ ಇರುವವರಿಗೆ 184 ಲೀಟರ್ ಎಂಬುದು ಕನಿಷ್ಠ. ಜೊತೆಗೆ ನೀರಿನ ಬಾಟಲಿ, ಚೀಲ, ಮುಂದೆ ಕೂರುವ ಮಗು, ಇವೆಲ್ಲವನ್ನೂ ತೂಕಕ್ಕೆ ಸೇರಿಸಿಕೊಳ್ಳಬೇಕು. ಹತ್ತೂವರೆ ಅಡಿ ಉದ್ದ, 32 ಅಂಗುಲ ಅಗಲ, 6 ಅಂಗುಲ ದಪ್ಪದ ಸಾಮಾನ್ಯ ಬೋರ್ಡಿನಲ್ಲಿ ಸುಮಾರು 300 ಲೀಟರ್ ಸಿಗುತ್ತದೆ. ಮನೆಮಂದಿ ಎಲ್ಲ ಸರದಿಯಲ್ಲಿ ಬಳಸುವ ಮೊದಲ ಬೋರ್ಡಿಗೆ ಇದು ಒಳ್ಳೆಯ ಅಳತೆ. ಅಗಲ 32ಕ್ಕಿಂತ ಕಡಿಮೆಯಾದರೆ ವೇಗ ಬರುತ್ತದೆ, ಸ್ಥಿರತೆ ಹೋಗುತ್ತದೆ. ನಿಮಗೆ ಸದ್ಯಕ್ಕೆ ವೇಗ ಬೇಡ.

ದಪ್ಪ ಎರಡೇ ಅಂಗುಲ ಹೆಚ್ಚಾದರೂ ಗಡಸುತನ ಬಹಳ ಹೆಚ್ಚುತ್ತದೆ. ಆದ್ದರಿಂದ ಒಂದು ಪದರದ 6 ಅಂಗುಲದ ಬೋರ್ಡು, ಎರಡು ಪದರದ ಭಾರೀ ಹೆಸರಿನ 4 ಅಂಗುಲದ ಬೋರ್ಡಿಗಿಂತ ನಿಮಗೆ ಉಪಯೋಗ. ಕೆರೆ-ಹಿನ್ನೀರಿನ ಭಾನುವಾರದ ಬಳಕೆಗೆ ಒಂದು ಪದರ ಸಾಕು. ಬಣ್ಣ, ಚಿತ್ತಾರ, ಹೆಸರು, ಕಾರ್ಬನ್ ಹುಟ್ಟು, ಕ್ಯಾಮೆರಾ ಸಿಕ್ಕಿಸುವ ತಿರುಪು, ಹಣ ಉಳಿಸಬೇಕಾದರೆ ಇಲ್ಲಿ ಉಳಿಸಿ.

ಹಳೆಯದು ಸಿಕ್ಕರೆ ಬಿಡಬೇಡಿ, ಆದರೆ ಪರೀಕ್ಷಿಸದೆ ತರಬೇಡಿ. ಬೋರ್ಡಿನ ಮೇಲೆ ಬರೆದಷ್ಟು ಒತ್ತಡಕ್ಕೆ ಗಾಳಿ ತುಂಬಿಸಿ, ನೆರಳಿನಲ್ಲಿ ಒಂದು ರಾತ್ರಿ ಬಿಟ್ಟು, ಮರುದಿನ ಅಷ್ಟೇ ಇದೆಯೇ ನೋಡಿ. ಅಂಚಿನ ಅಂಟುಗಳ ಮೇಲೂ ವಾಲ್ವಿನ ಸುತ್ತಲೂ ಸಾಬೂನು ನೊರೆ ಹಚ್ಚಿದರೆ ಗುಳ್ಳೆ ಏಳುವ ಕಡೆ ಸೋರಿಕೆ. ನಡುವೆ ಎಲ್ಲೋ ಆದ ತೂತನ್ನು ಮುಚ್ಚಬಹುದು. ಸೈಕಲ್ ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ ಇದಕ್ಕೆ ಹಿಡಿಯುವುದಿಲ್ಲ, ಪಿವಿಸಿ ಬಟ್ಟೆಗೆಂದೇ ಬರುವ ಅಂಟು ಬೇಕು. ಅಂಚಿನ ಅಂಟೇ ಬಿಟ್ಟಿದ್ದರೆ ಎಷ್ಟು ಅಗ್ಗವಾದರೂ ಬೇಡ. ಗಟ್ಟಿ ಬೋರ್ಡಾದರೆ ಬೆರಳಿನಿಂದ ಒತ್ತುತ್ತ ಹೋಗಿ. ಮೆತ್ತಗಾದ ಜಾಗ ಸಿಕ್ಕರೆ ಒಳಗಿನ ಫೋಮಿಗೆ ನೀರು ಇಳಿದಿದೆ ಎಂದು ಅನುಮಾನಿಸಿ. ಯಾವ ಬೋರ್ಡನ್ನೂ ಬಿಗಿಯಾಗಿ ಗಾಳಿ ತುಂಬಿ ಮಧ್ಯಾಹ್ನದ ಬಿಸಿಲಲ್ಲಿ ಬಿಡಬೇಡಿ. ಒಳಗಿನ ಗಾಳಿ ಹಿಗ್ಗಿ ಅಂಟು ಬಿಡುತ್ತದೆ.

ಗಾಳಿ ತುಂಬುವುದೂ ಒಂದು ವ್ಯಾಯಾಮವೇ. ಕೈಪಂಪಿನಲ್ಲಿ ಕೊನೆಯ ನಾಲ್ಕೈದು ಪಿಎಸ್‌ಐ ತುಂಬುವಾಗ ಉಸಿರು ಕಟ್ಟಿ ಒತ್ತುತ್ತೇವೆ. ರಕ್ತದೊತ್ತಡ ಹಠಾತ್ತನೆ ಏರುತ್ತದೆ. ಹೃದ್ರೋಗ, ಹರ್ನಿಯಾ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಈ ಕೆಲಸವನ್ನು ಮನೆಯ ತರುಣರಿಗೆ ಬಿಡಲಿ. ಕಷ್ಟವೆಂದು ಅರ್ಧ ಗಾಳಿ ತುಂಬಿ ಇಳಿದರೆ 6 ಅಂಗುಲದ ಬೋರ್ಡೂ ತೊಟ್ಟಿಲಾಗುತ್ತದೆ.

ಹುಟ್ಟು ಮತ್ತು ಕಾಲಹಗ್ಗ

ಹುಟ್ಟಿನ ಉದ್ದ ನಿಮ್ಮ ಎತ್ತರಕ್ಕಿಂತ 6ರಿಂದ 10 ಅಂಗುಲ ಹೆಚ್ಚಿರಲಿ. ಅದಕ್ಕಿಂತ ಉದ್ದವಾದರೆ ಪ್ರತಿ ಎಳೆತಕ್ಕೂ ಮೇಲಿನ ಕೈ ತಲೆಯ ಮೇಲಕ್ಕೆ ಏರಿ, ಭುಜದ ಕೀಲಿನೊಳಗಿನ ಸ್ನಾಯುರಜ್ಜುಗಳು ಉಜ್ಜಿ ಬಾವು ಬರುತ್ತದೆ. ಸೀರೆ ಒಣಹಾಕಲು ಕೈ ಎತ್ತಲಾಗದು ಎಂದು ಹೇಳುತ್ತಾರಲ್ಲ, ಅದೇ ನೋವು. ತೀರಾ ಗಿಡ್ಡವಾದರೆ ಸೊಂಟ ಬಗ್ಗುತ್ತದೆ. ಉದ್ದ ಹೊಂದಿಸಬಹುದಾದ ಅಲ್ಯುಮಿನಿಯಂ ಹುಟ್ಟು ಸ್ವಲ್ಪ ಭಾರವಾದರೂ ಅಗ್ಗ. ಮನೆಯ ನಾಲ್ವರಿಗೂ ಒಂದೇ ಸಾಕು. ಹುಟ್ಟಿನ ಅಲಗು ಹಿಡಿಯಿಂದ ಸ್ವಲ್ಪ ಓರೆಯಾಗಿರುತ್ತದೆ. ಆ ಓರೆ ಮುಂದಕ್ಕೆ, ಬೋರ್ಡಿನ ಮೂತಿಯ ಕಡೆಗೆ ಇರಬೇಕು. ಹೊಸಬರಲ್ಲಿ ಬಹುಪಾಲು ಜನ ತಿರುಗಾಮುರುಗಾ ಹಿಡಿದು ಸುಮ್ಮನೆ ದಣಿಯುತ್ತಾರೆ.

ಬೋರ್ಡಿಗೂ ನಿಮಗೂ ನಡುವೆ ಕಟ್ಟುವ ಹಗ್ಗಕ್ಕೆ ಲೀಶ್ ಎನ್ನುತ್ತಾರೆ. ಗಾಳಿ ಬೀಸುವಾಗ ಬಿದ್ದರೆ ಹಗುರವಾದ ಬೋರ್ಡು ಕಾಗದದಂತೆ ತೇಲಿಹೋಗುತ್ತದೆ, ಈಜಿ ಹಿಡಿಯಲಾಗುವುದಿಲ್ಲ. ಆದ್ದರಿಂದ ನಿಂತ ನೀರಿನಲ್ಲಿ, ಹಿನ್ನೀರಿನಲ್ಲಿ, ಕಡಲಿನಲ್ಲಿ ಕಾಲಿಗೆ ಕಟ್ಟುವ ಲೀಶ್ ಕಡ್ಡಾಯ. ಆದರೆ ಹರಿಯುವ ಹೊಳೆಯಲ್ಲಿ ಇದೇ ಹಗ್ಗ ಉರುಳಾಗಬಹುದು. ಬಂಡೆಗೋ ಮರದ ಕೊಂಬೆಗೋ ಸಿಕ್ಕಿಕೊಂಡರೆ ಸೆಳೆತದ ಎದುರು ಕಾಲಿನತ್ತ ಬಗ್ಗಿ ಬಿಚ್ಚಲಾಗದು. ಅಲ್ಲಿ ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಕಳಚುವ ಲೀಶ್ ಬೇಕು. 2021ರ ಅಕ್ಟೋಬರ್ 30ರಂದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಹೇವರ್‌ಫರ್ಡ್‌ವೆಸ್ಟ್ ಊರಿನಲ್ಲಿ, ತುಂಬಿ ಹರಿಯುತ್ತಿದ್ದ ನದಿಯ ಒಡ್ಡಿನ ಮೇಲಿಂದ ಬೋರ್ಡುಗಳ ಸಮೇತ ಜಾರಿದ ಒಂದು ಗುಂಪಿನಲ್ಲಿ ನಾಲ್ವರು ಸತ್ತರು. ಆ ನೀರಿಗೆ ಎಂಥ ಲೀಶ್ ಬೇಕಿತ್ತೆಂಬ ವಿಷಯ ತನಿಖೆಯಲ್ಲೂ ಬಂತು. ಒಡ್ಡಿನ ಕೆಳಗೆ ನೀರು ಸುರುಳಿ ಸುತ್ತಿ, ಬಿದ್ದದ್ದನ್ನು ಮತ್ತೆ ಮತ್ತೆ ಒಳಕ್ಕೆ ಎಳೆಯುತ್ತದೆ. ನಮ್ಮಲ್ಲಿ ಹೊಳೆಹೊಳೆಗೂ ಕಿಂಡಿ ಅಣೆಕಟ್ಟುಗಳಿವೆ. ಮಳೆಗಾಲದ ನಂತರ ಮೇಲಿನಿಂದ ನೋಡಿದರೆ ನೀರು ನುಣ್ಣಗೆ, ಸೌಮ್ಯವಾಗಿ ಕಾಣುತ್ತದೆ. ಅದರ ಆಸುಪಾಸಿಗೆ ಬೋರ್ಡು ಒಯ್ಯಲೇಬಾರದು.

ಅಳಿವೆಯ ಬಳಿಯೂ ಅಷ್ಟೇ. ಇಳಿತದ ಹೊತ್ತಿನಲ್ಲಿ ಹಿನ್ನೀರೆಲ್ಲ ಕಡಲಿಗೆ ನುಗ್ಗುತ್ತದೆ. ಬೆಳಗಿನ ನೆಲಗಾಳಿ ಮೃದುವೇ, ಆದರೆ ಅದು ಬೀಸುವುದು ಸಮುದ್ರದ ಕಡೆಗೆ. ಮಧ್ಯಾಹ್ನದ ಕಡಲಗಾಳಿ ಜೋರು. ಹೊರಡುವಾಗ ಗಾಳಿಗೆದುರಾಗಿ ಹೊರಡಿ, ಬಳಲಿದ ಮೇಲೆ ಅದೇ ಗಾಳಿ ಮರಳಿ ತರುತ್ತದೆ. ಗಾಳಿ ಹೆಚ್ಚಾದರೆ ನಿಲ್ಲದೆ ಮಂಡಿಯೂರಿ ಕುಳಿತು ಹುಟ್ಟು ಹಾಕಿ. ಏನೇ ಆದರೂ ಬೋರ್ಡನ್ನು ಬಿಟ್ಟು ದಡಕ್ಕೆ ಈಜಲು ಹೋಗಬೇಡಿ. ಮಳೆಗಾಲದಲ್ಲಿ ಈ ಮಾತೇ ಬೇಡ.

ಯಾರು ಇಳಿಯಬಾರದು

ಮೂರ್ಛೆ ರೋಗ ಇರುವವರು ಮೊದಲು ತಮ್ಮ ವೈದ್ಯರನ್ನು ಕಾಣಲಿ. ಮಾತ್ರೆ ತಪ್ಪಿಸುವವರಿಗಂತೂ ಈ ಆಟ ಖಂಡಿತ ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೋಗಬಾರದು. ಜೇಬಿನಲ್ಲಿ ನೀರು ತಾಗದಂತೆ ಗ್ಲೂಕೋಸ್ ಇಟ್ಟುಕೊಳ್ಳಬೇಕು, ಜೊತೆಯವರಿಗೆ ವಿಷಯ ಹೇಳಿರಬೇಕು. ಆಗಾಗ ತಲೆಸುತ್ತು ಬರುವವರು, ಕಿವಿಯ ತಮಟೆ ತೂತಾದವರು, ನೆಗಡಿಗೆಂದು ನಿದ್ದೆ ಬರಿಸುವ ಮಾತ್ರೆ ನುಂಗಿದವರು ಆ ದಿನ ದಡದಲ್ಲಿ ಕುಳಿತು ಬೇರೆಯವರ ಫೋಟೋ ತೆಗೆಯಲಿ. ಮದ್ಯ ಕುಡಿದವರ ವಿಷಯ ಬೇರೆ ಹೇಳಬೇಕಾಗಿಲ್ಲ. ಮೊದಲ ದಿನ ಅರ್ಧ ಗಂಟೆ ಸಾಕು. ಕೆಲವರಿಗೆ ಪಾದ ಜುಮ್ಮೆನ್ನುತ್ತದೆ. ಬೆರಳುಗಳಿಂದ ಹಲಗೆಯನ್ನು ಅವಚಿ ಹಿಡಿಯುವುದೇ ಅದಕ್ಕೆ ಕಾರಣ. ಮಂಡಿ ಸಡಿಲಿಸಿ, ದೂರಕ್ಕೆ ನೋಡಿದರೆ ಸರಿಹೋಗುತ್ತದೆ.

ನೀರಿಗೆ ಒಬ್ಬರೇ ಹೋಗಬಾರದು ಎನ್ನಲು ಇನ್ನೊಂದು ಕಾರಣವಿದೆ. ಮುಳುಗಿದವರನ್ನು ಎತ್ತಿದಾಗ ಮೊದಲ ನಾಲ್ಕೈದು ನಿಮಿಷಗಳಲ್ಲಿ ಏನು ಮಾಡುತ್ತೀರಿ ಎಂಬುದೇ ನಿರ್ಣಾಯಕ. ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಉಪ್ಪಿನಲ್ಲಿ ಹೂತಿಟ್ಟರೆ ಸತ್ತವರು ಬದುಕುತ್ತಾರೆ ಎಂಬ ಶುದ್ಧ ಸುಳ್ಳು ವಾಟ್ಸ್‌ಆ್ಯಪ್‌ನಲ್ಲಿ ಹರಡಿ, ನಮ್ಮ ರಾಜ್ಯದಲ್ಲೇ ಮಕ್ಕಳನ್ನು ಕಳೆದುಕೊಂಡ ಬಡ ಕುಟುಂಬಗಳು ಹಾಗೆ ಮಾಡಿ ಕುಳಿತದ್ದುಂಟು. ಉಸಿರಾಟವಿಲ್ಲದಿದ್ದರೆ ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಐದು ಸಲ ಉಸಿರು ಊದಿ. ಆಮೇಲೆ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಊದುವುದು, ಸಹಾಯ ಬರುವವರೆಗೂ ಬಿಡದೆ ಮಾಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎಚ್ಚರವಾಗಿ ಎದ್ದು ಕುಳಿತವರಿಗೂ ಕೆಮ್ಮು, ಏದುಸಿರು ಇದ್ದರೆ ಆಸ್ಪತ್ರೆಗೆ ಕರೆದೊಯ್ಯಬೇಕು. ಶ್ವಾಸಕೋಶಕ್ಕೆ ಹೊಕ್ಕ ನೀರಿನ ಪರಿಣಾಮ ಕೆಲವು ಗಂಟೆ ಕಳೆದ ಮೇಲೂ ಕಾಣಿಸಬಹುದು.

ಕೊನೆಯದಾಗಿ ನೀರಿನ ಆಯ್ಕೆ. ನಗರದ ಚರಂಡಿ ಸೇರುವ ಕೆರೆಯಲ್ಲಿ ಬೋರ್ಡು ಬಿಡಬೇಡಿ. ಅನುಮತಿಯ ಪ್ರಶ್ನೆ ಹಾಗಿರಲಿ, ನೀವು ದಿನಕ್ಕೆ ಹತ್ತು ಸಲ ಬೀಳುವವರು, ಆ ನೀರು ಬಾಯಿಗೂ ಹೋಗುತ್ತದೆ. ಕಾಲಿನಲ್ಲಿ ಗಾಯ, ಬಿರುಕು ಇದ್ದರೆ ವಾಸಿಯಾಗುವವರೆಗೆ ತಡೆಯಿರಿ. ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಇಲಿಜ್ವರ ಕರಾವಳಿಗೂ ಮಲೆನಾಡಿಗೂ ಹೊಸದಲ್ಲ. ನೀರಿಗಿಳಿದ ಎರಡು ಮೂರು ವಾರಗಳೊಳಗೆ ಜ್ವರ, ಮೀನಖಂಡಗಳಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡರೆ ಅಂಗಡಿಯಿಂದ ಜ್ವರದ ಮಾತ್ರೆ ತಂದು ನುಂಗಿ ಮಲಗಬೇಡಿ. ವೈದ್ಯರ ಬಳಿ ಹೋಗಿ, ಬೋರ್ಡಿನ ಮೇಲೆ ಯಾವ ಹೊಳೆಗೆ, ಯಾವ ದಿನ ಹೋಗಿದ್ದಿರಿ ಎಂಬುದನ್ನು ಮರೆಯದೆ ಹೇಳಿ.